ಚೇಳುರಾಯನ ಮೂರು ಕಾರುಗಳು

ಗುಜರಿ ಅಂಗಡಿಯ ಅಂಗಳದಲ್ಲಿ, ಮಧ್ಯಾಹ್ನದ ತೂಕಡಿಸುವ ಬಿಸಿಲಲ್ಲಿ, ಚೇಳುರಾಯನೆಂಬ ಖಳನಾಯಕನ ಮೂರು ಕಾರುಗಳು ಒಂದನ್ನೊಂದು ಕಂಡವು. ಒಂದು ಕಾಮಿಕ್ಸ್ ಪುಸ್ತಕದ ಪುಟದಲ್ಲಿ ಬರೆದದ್ದು, ಒಂದು ಸಿನಿಮಾಕ್ಕೆಂದು ಪ್ಲೈವುಡ್ಡಿನಲ್ಲಿ ಕಟ್ಟಿದ್ದು, ಇನ್ನೊಂದು ಅಂಗೈಯಗಲದ ಪ್ಲಾಸ್ಟಿಕ್ ಆಟಿಕೆ. ಮೂರಕ್ಕೂ ಹಿಂದೆ ಚೇಳಿನ ಬಾಲ, ಬಾಲದ ತುದಿಗೆ ಬಾಗಿದ ಕೊಂಡಿ. ಸಂಜೆ ಲಾರಿ ಬಂದರೆ ಮೂರರದೂ ಬೇರೆ ಬೇರೆ ದಾರಿ. ಅಷ್ಟರೊಳಗೆ ಚೇಳುರಾಯನ ನಿಜವಾದ ಕಾರು ಯಾವುದೆಂದು ಇತ್ಯರ್ಥವಾಗಬೇಕಿತ್ತು.

"ಮೂಲ ನಾನು," ಎಂದಿತು ಕಾಗದದ ಕಾರು. "ನನ್ನ ಕೊಂಡಿ ತಾಗಿದರೆ ಊರಿಗೆ ಊರೇ ನೀಲಿಗಟ್ಟುತ್ತಿತ್ತು. ಆದರೆ ಕೊನೆಯ ಪುಟದಲ್ಲಿ ಪ್ರತಿ ಸಲವೂ ಪ್ರಪಾತಕ್ಕೆ ಬೀಳುತ್ತಿದ್ದೆ."

"ನನ್ನನ್ನು ಕಂಡು ಇಡೀ ಥಿಯೇಟರು ನಡುಗಿತು," ಎಂದಿತು ಸಿನಿಮಾದ ಕಾರು. ಆಮೇಲೆ ದನಿ ತಗ್ಗಿಸಿತು. "ಎಂಜಿನ್ ಮಾತ್ರ ಇರಲಿಲ್ಲ. ಹಗ್ಗ ಕಟ್ಟಿ ಎಳೆಯುತ್ತಿದ್ದರು."

ಎರಡೂ ಆಟಿಕೆಯತ್ತ ತಿರುಗಿದವು. "ನೀನು ಯಾರನ್ನು ಹೆದರಿಸಿದೆ?"

"ಯಾರನ್ನೂ ಇಲ್ಲ, ಅಣ್ಣಂದಿರೇ. ನಾನು ಸಿಕ್ಕಿದ್ದು ನಫೀಸಾ ಎಂಬ ಪುಟ್ಟ ಹುಡುಗಿಗೆ. ಅವಳಿಗೆ ನಮ್ಮ ಕಥೆ ಗೊತ್ತಿರಲಿಲ್ಲ. ಜ್ವರ ಬಂದ ಗೊಂಬೆಯನ್ನು ನನ್ನ ಮೇಲೆ ಮಲಗಿಸಿ, 'ದಾರಿ ಬಿಡಿ, ಪೇಷಂಟ್ ಇದಾರೆ' ಎನ್ನುತ್ತ ಅಡುಗೆಮನೆಯಿಂದ ಜಗಲಿಯವರೆಗೆ ಓಡಿಸುತ್ತಿದ್ದಳು."

ಗಾಳಿಗೆ ಕಾಗದದ ಕಾರಿನ ಪುಟ ಮೆಲ್ಲಗೆ ಎದ್ದು ಮಲಗಿತು.

"ಹಾಗಾದರೆ ಈ ಕೊಂಡಿ ಅವಳಿಗೆ ಯಾವ ಕೆಲಸಕ್ಕೂ ಬರಲಿಲ್ಲವೇ?" ಎಂದು ಅದು ಕೇಳಿತು.

"ಬಂತು," ಎಂದಿತು ಆಟಿಕೆ. "ಗೊಂಬೆಯ ಗ್ಲೂಕೋಸ್ ಬಾಟ್ಲಿಯನ್ನು ಅದಕ್ಕೇ ನೇತುಹಾಕುತ್ತಿದ್ದಳು."