ಕೋತಿ ಒಯ್ದ ಕಾರಿನ ಮುಚ್ಚಳ

ಎಣ್ಣೆಗೆರೆ ಅಂತ ಒಂದು ಊರು. ಆ ಊರಲ್ಲಿ ಹುಣಸೆಮರದ ಬೀದಿ ಅಂತ ಒಂದು ಬೀದಿ. ಆ ಬೀದೀಲಿ ಒಂದು ಮನೆ. ಆ ಮನೆ ಮುಂದೆ ಒಂದು ನೀಲಿ ಕಾರು. ಆ ಮನೆ ಒಳಗೆ ಆರು ವರ್ಷದ ಚಂಪಿ. ನೆಟ್ಟಗೆ ಕೂತ್ಕೊಳ್ಳಿ, ಆ ಚಂಪಿ ಕತೆ ಹೇಳ್ತೀನಿ. ಮಧ್ಯೆ ಎದ್ದು ಹೋದ್ರೆ ಮತ್ತೆ ಮೊದಲಿಂದ ಹೇಳಲ್ಲ.

ನೀಲಿ ಕಾರು ಚಂಪಿಯ ತಾತ ತಂದಿದ್ದು. ಈಗ ಅಪ್ಪ ಓಡಿಸ್ತಾನೆ. ಬೆಳಗಾದ್ರೆ ಅಪ್ಪ ಕಾರಿನ ಮೂತಿ ಎತ್ತಿ ನಿಲ್ಲಿಸ್ತಾನೆ. ನೀರು ನೋಡ್ತಾನೆ. ಎಣ್ಣೆ ನೋಡ್ತಾನೆ. ಚಕ್ರಕ್ಕೆ ಗಾಳಿ ನೋಡ್ತಾನೆ. ತನ್ನ ಕಾಫಿ ಆಮೇಲೆ. "ಹಳೇ ಕಾರು, ಹಳೇ ಎಮ್ಮೆ, ಎರಡಕ್ಕೂ ಮೊದಲು ನೀರು ಕುಡಿಸ್ಬೇಕು" ಅಂತಾನೆ.

ಅವತ್ತು ಆಯುಧಪೂಜೆ. ಅಪ್ಪ ಕಾರು ತೊಳೆದ. ಅಜ್ಜಿ ಕಾರಿಗೆ ಚೆಂಡುಹೂವಿನ ಹಾರ ಹಾಕಿದ್ಲು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಲು. ಇಟ್ಟು ಸುಮ್ಮನೆ ಇರಬಹುದಿತ್ತು. ಅಜ್ಜಿ ಸುಮ್ಮನೆ ಇರೋ ಪೈಕಿನೇ ಅಲ್ಲ.

"ಎಲ್ಲಾ ಆಯುಧಾನೂ ದೇವರ ಮನೇಲಿ ಕೂತಿವೆ. ಕಾರು ಪಾಪ ಬಿಸಿಲಲ್ಲಿ ನಿಂತಿದೆ" ಅಂದ್ಲು. ಅಷ್ಟು ದೊಡ್ಡ ಕಾರು ದೇವರ ಮನೇಲಿ ಹಿಡಿಸುತ್ತಾ? ಹಿಡಿಸಲ್ಲ. ಅದಕ್ಕೆ ಅಜ್ಜಿ ಏನು ಮಾಡಿದ್ಲು? ಕಾರಿನ ಮೂತಿ ಒಳಗೆ ನೀರಿನ ತೊಟ್ಟಿ ಇರುತ್ತಲ್ಲ, ಅದರ ಮುಚ್ಚಳ ತಿರುಗಿಸಿ ತಿರುಗಿಸಿ ಬಿಚ್ಚಿದ್ಲು. ಆ ಮುಚ್ಚಳಾನ ಕಾರು ಅಂತ ಮಣೆ ಮೇಲೆ ಕೂರಿಸಿದ್ಲು. ಅರಿಶಿನ ಹಚ್ಚಿದ್ಲು. ಕುಂಕುಮ ಇಟ್ಲು. ಆರತಿ ಎತ್ತಿದ್ಲು. ಆಮೇಲೆ ಜಗಲಿಗೆ ತಂದು, "ಕಾರಿಗೂ ಹೊಟ್ಟೆ ಇದೆಯಲ್ಲಪ್ಪ" ಅಂತ ಮುಚ್ಚಳದ ಮೇಲೆ ಒಂದು ತುಂಡು ಹೋಳಿಗೆ ಇಟ್ಲು.

ಕೋತಿ ಬಂತು. ಹೋಳಿಗೆ ತಿಂತು. ಮುಚ್ಚಳ ನೆಕ್ತು. ನೆಕ್ಕಿದ ಮುಚ್ಚಳ ಎತ್ಕೊಂಡು ಹುಣಸೆಮರ ಹತ್ತಿ ಕೂತ್ಕೊಂಡ್ತು.

ಅಪ್ಪ ತಲೆ ಮೇಲೆ ಕೈ ಇಟ್ಕೊಂಡ. "ಮುಚ್ಚಳ ಇಲ್ದೆ ಹೊರಟ್ರೆ ನೀರು ಕುದ್ದು ಉಕ್ಕುತ್ತೆ. ಅರ್ಧ ದಾರೀಲಿ ಕಾರು ನಿಲ್ಲುತ್ತೆ" ಅಂದ. ಬಟ್ಟೆ ತುರುಕಿ ನೋಡಿದ. ಆಗಲಿಲ್ಲ. ಲೋಟ ಬೋರಲು ಹಾಕಿ ನೋಡಿದ. ಆಗಲಿಲ್ಲ. ಹೊಸ ಮುಚ್ಚಳ ತರೋಣ ಅಂದ್ರೆ ಹಬ್ಬ, ಅಂಗಡಿ ಬಾಗಿಲು ಹಾಕಿವೆ. ಆಟೋ ಕರೆಯೋಣ ಅಂದ್ರೆ ಆಟೋಗಳೂ ಹಾರ ಹಾಕ್ಕೊಂಡು ಕೂತಿವೆ.

ಚಂಪಿಗೆ ಗಾಬರಿ ಆಯ್ತು. ಯಾಕೆ ಹೇಳಿ? ಅವತ್ತು ಸಂಜೆ ದೊಡ್ಡೂರಿನ ಆಸ್ಪತ್ರೆಯಿಂದ ಅಮ್ಮನ್ನ ಕರ್ಕೊಂಡು ಬರಬೇಕಿತ್ತು. ಅಮ್ಮನ ಜೊತೆ ಹೊಸಾ ಪಾಪೂನ ಕರ್ಕೊಂಡು ಬರಬೇಕಿತ್ತು. ಚಂಪಿ ಅಮ್ಮನ್ನ ನೋಡಿ ಒಂಬತ್ತು ದಿನ ಆಗಿತ್ತು. ಪಾಪೂನ ಒಂದು ದಿನಾನೂ ನೋಡಿರಲಿಲ್ಲ. ಬಾಣಂತೀನ ಬಸ್ಸಲ್ಲಿ ನೂಕಾಡಿಸ್ಕೊಂಡು ತರೋದಾ? ಅಜ್ಜಿ ಒಪ್ಪಲ್ಲ.

ಚಂಪಿ ಮರದ ಕೆಳಗೆ ನಿಂತ್ಲು.

"ಕೋತಿ ಕೋತಿ, ಮುಚ್ಚಳ ಕೊಡು. ಮುಚ್ಚಳ ಕೊಟ್ರೆ ಕಾರು ಓಡುತ್ತೆ. ಕಾರು ಓಡಿದ್ರೆ ಅಮ್ಮ ಬರ್ತಾಳೆ, ಪಾಪು ಬರುತ್ತೆ."

ಕೋತಿ ಅಂತು, "ಹೋಳಿಗೆ ಕೊಡು, ಮುಚ್ಚಳ ತಗೋ."

ಅಪ್ಪ ಬಾಳೆಹಣ್ಣು ತೋರಿಸಿದ. ಕೋತಿ ಬಾಳೆಹಣ್ಣು ಕಿತ್ಕೊಂಡು ತಿಂತು. ಮುಚ್ಚಳ ಕೊಡಲಿಲ್ಲ. "ಬಾಳೆಹಣ್ಣು ದಿನಾ ತಿಂತೀನಿ. ಹಬ್ಬದ ದಿನ ನನಗೂ ಹಬ್ಬದೂಟ ಬೇಡವಾ? ಹೋಳಿಗೆ" ಅಂತು. ಮನೇಲಿ ಹೋಳಿಗೆ ಇತ್ತಾ? ಇತ್ತು. ಕೊನೇ ಹೋಳಿಗೆ ಅಪ್ಪನ ಹೊಟ್ಟೇಲಿತ್ತು.

ಚಂಪಿ ಹೋಳಿಗೆ ಮಾಡೋ ತಿಪ್ಪಕ್ಕನ ಮನೆಗೆ ಓಡಿದ್ಲು. ತಿಪ್ಪಕ್ಕ ಹೋಳಿಗೆ ಮಾಡಿದ್ರೆ ಬೀದಿಯೆಲ್ಲ ಘಂ ಅನ್ನುತ್ತೆ.

"ತಿಪ್ಪಕ್ಕ ತಿಪ್ಪಕ್ಕ, ಹಂಚು ಇಡು. ಹಂಚು ಇಟ್ರೆ ಹೋಳಿಗೆ ಬೇಯುತ್ತೆ. ಹೋಳಿಗೆ ಬೆಂದ್ರೆ ಕೋತಿ ತಿನ್ನುತ್ತೆ. ಕೋತಿ ತಿಂದ್ರೆ ಮುಚ್ಚಳ ಕೊಡುತ್ತೆ. ಮುಚ್ಚಳ ಕೊಟ್ರೆ ಕಾರು ಓಡುತ್ತೆ. ಕಾರು ಓಡಿದ್ರೆ ಅಮ್ಮ ಬರ್ತಾಳೆ, ಪಾಪು ಬರುತ್ತೆ."

ತಿಪ್ಪಕ್ಕನ ಹತ್ರ ಹೂರಣ ಇತ್ತು. ಕಣಕ ಇತ್ತು. ತುಪ್ಪ ಇತ್ತು. ಹಂಚು ಮಾತ್ರ ಹೂ ಮುಡ್ಕೊಂಡು ಮಣೆ ಮೇಲೆ ಕೂತಿತ್ತು.

"ಹಂಚು ಪೂಜೆಗೆ ಕೂತಿದೆ ಕಣೇ" ಅಂದ್ಲು ತಿಪ್ಪಕ್ಕ. "ನಮ್ಮ ಬೀದಿ ಕ್ರಮ ಗೊತ್ತಿಲ್ವಾ ನಿಂಗೆ? ಪಂಕ್ತೀಲಿ ಹಿರಿಯರು ಏಳೋ ಮುಂಚೆ ನೀನು ಎಲೆ ಬಿಟ್ಟು ಏಳ್ತೀಯಾ? ಆಯುಧಕ್ಕೂ ಹಾಗೇ. ಈ ಹಂಚು ಹೋದ ವರ್ಷದ್ದು. ಗಿರಣಿ ಇದಕ್ಕಿಂತ ಹಿರಿದು. ಹಿರಿಯರು ಏಳದೆ ಕಿರಿಯರು ಏಳೋದುಂಟಾ?"

ಚಂಪಿ ಗಿರಣಿ ಬೋರಣ್ಣನ ಹತ್ರ ಓಡಿದ್ಲು. ಬೋರಣ್ಣನ ಮೀಸೆ ಮೇಲೆ ಯಾವಾಗ್ಲೂ ಹಿಟ್ಟು. ಅವತ್ತು ಮೀಸೆ ಕಪ್ಪಗಿತ್ತು, ಚಂಪಿಗೆ ಗುರುತೇ ಸಿಗಲಿಲ್ಲ.

"ಬೋರಣ್ಣ ಬೋರಣ್ಣ, ಗಿರಣಿ ಏಳಿಸು. ಗಿರಣಿ ಎದ್ರೆ ಹಂಚು ಏಳುತ್ತೆ. ಹಂಚು ಎದ್ರೆ ಹೋಳಿಗೆ ಬೇಯುತ್ತೆ. ಹೋಳಿಗೆ ಬೆಂದ್ರೆ ಕೋತಿ ತಿನ್ನುತ್ತೆ. ಕೋತಿ ತಿಂದ್ರೆ ಮುಚ್ಚಳ ಕೊಡುತ್ತೆ. ಮುಚ್ಚಳ ಕೊಟ್ರೆ ಕಾರು ಓಡುತ್ತೆ. ಕಾರು ಓಡಿದ್ರೆ ಅಮ್ಮ ಬರ್ತಾಳೆ, ಪಾಪು ಬರುತ್ತೆ."

"ನನಗೂ ಕೂತು ಕೂತು ಸೊಂಟ ಹಿಡ್ಕೊಂಡಿದೆ ಮಗಾ" ಅಂದ ಬೋರಣ್ಣ. "ಆದ್ರೆ ಟೈಲರ್ ಪುಂಡಲೀಕನ ಹೊಲಿಗೆ ಮಿಷನ್ನು ಗಿರಣಿಗಿಂತ ಹಿರಿದು. ಹಿರಿಯರು ಏಳದೆ ಕಿರಿಯರು ಏಳೋದುಂಟಾ?"

ಚಂಪಿ ಟೈಲರ್ ಪುಂಡಲೀಕನ ಹತ್ರ ಓಡಿದ್ಲು. ಹೊಲಿಗೆ ಮಿಷನ್ನು ಹಾರ ಹಾಕ್ಕೊಂಡು ಮದುವೆ ಗಂಡಿನ ಥರ ಕೂತಿತ್ತು. ಪುಂಡಲೀಕ ಅದರ ಪಕ್ಕ ಕೂತು ಆಕಳಿಸ್ತಿದ್ದ.

"ಪುಂಡಲೀಕಣ್ಣ ಪುಂಡಲೀಕಣ್ಣ, ಮಿಷನ್ನು ಏಳಿಸು. ಮಿಷನ್ನು ಎದ್ರೆ ಗಿರಣಿ ಏಳುತ್ತೆ. ಗಿರಣಿ ಎದ್ರೆ ಹಂಚು ಏಳುತ್ತೆ. ಹಂಚು ಎದ್ರೆ ಹೋಳಿಗೆ ಬೇಯುತ್ತೆ. ಹೋಳಿಗೆ ಬೆಂದ್ರೆ ಕೋತಿ ತಿನ್ನುತ್ತೆ. ಕೋತಿ ತಿಂದ್ರೆ ಮುಚ್ಚಳ ಕೊಡುತ್ತೆ. ಮುಚ್ಚಳ ಕೊಟ್ರೆ ಕಾರು ಓಡುತ್ತೆ. ಕಾರು ಓಡಿದ್ರೆ ಅಮ್ಮ ಬರ್ತಾಳೆ, ಪಾಪು ಬರುತ್ತೆ."

"ಅಬ್ಬಬ್ಬಾ, ಉಸಿರು ಬಿಡಮ್ಮ" ಅಂದ ಪುಂಡಲೀಕ. "ಏಳಿಸ್ತಿದ್ದೆ. ಆದ್ರೆ ಕಮ್ಮಾರ ಕಾಳಾಚಾರಿಯ ತಿದಿ ಇದೆಯಲ್ಲ, ಕುಲುಮೆಗೆ ಗಾಳಿ ಊದೋ ತಿದಿ, ಅದು ಮಿಷನ್ನಿಗಿಂತ ಹಿರಿದು. ಹಿರಿಯರು ಏಳದೆ ಕಿರಿಯರು ಏಳೋದುಂಟಾ?"

ಚಂಪಿ ಕಮ್ಮಾರ ಕಾಳಾಚಾರಿಯ ಹತ್ರ ಓಡಿದ್ಲು. ಅಷ್ಟು ಹೊತ್ತಿಗೆ ಬಿಸಿಲು ಇಳೀತಿತ್ತು. ಚಂಪಿ ಕಾಲು ನೋಯ್ತಿತ್ತು.

"ಆಚಾರಿ ತಾತ ಆಚಾರಿ ತಾತ, ತಿದಿ ಏಳಿಸು. ತಿದಿ ಎದ್ರೆ ಮಿಷನ್ನು ಏಳುತ್ತೆ. ಮಿಷನ್ನು ಎದ್ರೆ ಗಿರಣಿ ಏಳುತ್ತೆ. ಗಿರಣಿ ಎದ್ರೆ ಹಂಚು ಏಳುತ್ತೆ. ಹಂಚು ಎದ್ರೆ ಹೋಳಿಗೆ ಬೇಯುತ್ತೆ. ಹೋಳಿಗೆ ಬೆಂದ್ರೆ ಕೋತಿ ತಿನ್ನುತ್ತೆ. ಕೋತಿ ತಿಂದ್ರೆ ಮುಚ್ಚಳ ಕೊಡುತ್ತೆ. ಮುಚ್ಚಳ ಕೊಟ್ರೆ ಕಾರು ಓಡುತ್ತೆ. ಕಾರು ಓಡಿದ್ರೆ ಅಮ್ಮ ಬರ್ತಾಳೆ, ಪಾಪು ಬರುತ್ತೆ."

ಕಾಳಾಚಾರಿ ಬೋಳುತಲೆ ಸವರಿಕೊಂಡ. "ನನ್ನ ತಿದಿಗಿಂತ ಹಿರಿದು ಒಂದಿದೆ ಪುಟ್ಟಿ. ಅದು ಈ ಬೀದಿಗೆ ಬಂದಾಗ ನಾನು ಬರಿಮೈಲಿ ಓಡಾಡ್ತಿದ್ದೆ. ಅದು ಎದ್ದು ನಿಂಬೆಹಣ್ಣು ತುಳೀಬೇಕು. ಆಮೇಲೆ ನನ್ನ ತಿದಿ. ಹಿರಿಯರು ಏಳದೆ ಕಿರಿಯರು ಏಳೋದುಂಟಾ?"

"ಯಾವುದು ತಾತ ಅದು?"

"ನಿಮ್ಮ ನೀಲಿ ಕಾರು."

ಚಂಪಿ ಕಾರಿನ ಹತ್ರ ಓಡಿದ್ಲು. ಕಾರಿನ ಮೂತಿ ಹಿಡ್ಕೊಂಡ್ಲು.

"ಕಾರೇ ಕಾರೇ, ನೀನು ಏಳು. ನೀನು ಎದ್ರೆ ತಿದಿ ಏಳುತ್ತೆ. ತಿದಿ ಎದ್ರೆ ಮಿಷನ್ನು ಏಳುತ್ತೆ. ಮಿಷನ್ನು ಎದ್ರೆ ಗಿರಣಿ ಏಳುತ್ತೆ. ಗಿರಣಿ ಎದ್ರೆ ಹಂಚು ಏಳುತ್ತೆ. ಹಂಚು ಎದ್ರೆ ಹೋಳಿಗೆ ಬೇಯುತ್ತೆ. ಹೋಳಿಗೆ ಬೆಂದ್ರೆ ಕೋತಿ ತಿನ್ನುತ್ತೆ. ಕೋತಿ ತಿಂದ್ರೆ ಮುಚ್ಚಳ ಕೊಡುತ್ತೆ. ಮುಚ್ಚಳ ಕೊಟ್ರೆ ಕಾರು..."

ಅಲ್ಲಿಗೆ ಚಂಪಿ ನಿಂತುಬಿಟ್ಲು. ಕಾರು ಎದ್ರೆ ಮುಚ್ಚಳ ಸಿಗುತ್ತೆ. ಮುಚ್ಚಳ ಸಿಕ್ಕಿದ್ರೆ ಕಾರು ಏಳುತ್ತೆ. ಇದೆಂಥಾ ಪೇಚಾಟ ಹೇಳಿ. ಚಂಪಿಗೆ ಅಳು ಬಂತು. ಅಮ್ಮ ಬೇಕು ಅಂತ ಜೋರಾಗಿ ಅತ್ಲು. ಅಜ್ಜಿ ಸೆರಗಲ್ಲಿ ಕಣ್ಣೊರೆಸ್ಕೊಂಡು, "ನನ್ನ ಕೈಗೆ ಇಷ್ಟು ಬೆಂಕಿ ಹಾಕ" ಅಂತ ತನ್ನ ಕೈಗೆ ತಾನೇ ಹೊಡ್ಕೊಂಡ್ಲು.

ಅತ್ತು ಅತ್ತು ಚಂಪಿ ಮೂಗು ಒರೆಸ್ಕೊಂಡ್ಲು. ನಿಂಬೆಹಣ್ಣು ನೋಡಿದ್ಲು. ಚಕ್ರ ನೋಡಿದ್ಲು. ಮಧ್ಯೆ ಒಂದು ಗೇಣೂ ಇರಲಿಲ್ಲ.

"ಅಪ್ಪ, ದೊಡ್ಡೂರಿಗೆ ಹೋಗೋಕೆ ಮುಚ್ಚಳ ಬೇಕು. ನಿಂಬೆಹಣ್ಣಿನ ತನಕ ಹೋಗೋಕೂ ಬೇಕಾ?"

ಅಪ್ಪ ಬಗ್ಗಿ ಚಕ್ರ ನೋಡಿದ. "ಬೇಡ" ಅಂದ. "ಇಂಜಿನ್ನೇ ಬೇಡ. ಗೇರು ತೆಗೆದು, ಹ್ಯಾಂಡ್ ಬ್ರೇಕ್ ಬಿಟ್ಟು, ನೂಕಿದ್ರೆ ಸಾಕು."

ಆದ್ರೆ ನೂಕೋರು ಯಾರು? ಚಂಪಿ ಬೀದಿ ಮಧ್ಯೆ ನಿಂತು ಕೂಗಿದ್ಲು, "ಎಲ್ಲಾ ಬನ್ನಿ. ಆಯುಧ ಪೂಜೆಗೆ ಕೂತಿದೆ, ಕೈ ಕೂತಿಲ್ವಲ್ಲ."

ಹೌದಲ್ವಾ ಅಂತು ಬೀದಿ. ತಿಪ್ಪಕ್ಕ ಬಂದ್ಲು. ಬೋರಣ್ಣ ಬಂದ. ಪುಂಡಲೀಕ ಬಂದ. ಕಾಳಾಚಾರಿ ಬಂದ. ಅಪ್ಪ ಒಳಗೆ ಕೂತು ಸ್ಟೇರಿಂಗ್ ಹಿಡಿದ. ಅಜ್ಜಿ ದೂರ ನಿಂತು "ಎಡಕ್ಕೆ, ಬಲಕ್ಕೆ" ಅಂದ್ಲು. ಕಾರು ಹೋಗಬೇಕಾಗಿದ್ದು ನೇರಕ್ಕೆ. ಚಂಪಿ ಎಲ್ಲರ ಮಧ್ಯೆ ತೂರಿ, ಹಿಂದಿನ ಬಂಪರಿಗೆ ಎರಡು ಕೈ ಕೊಟ್ಲು.

"ಐಸಾ" ಅಂದ್ರು. ಕಾರು ಅಲುಗಲಿಲ್ಲ. "ಹ್ಯಾಂಡ್ ಬ್ರೇಕ್ ಬಿಟ್ಟಿಲ್ಲ, ತಡೀರಿ" ಅಂದ ಅಪ್ಪ. ಬಿಟ್ಟ. "ಐಸಾ" ಅಂದ್ರು. ಕಾರು ಒಂದು ಗೇಣು ಹೋಯ್ತು.

ಪಚಕ್, ಪಚಕ್, ಪಚಕ್, ಪಚಕ್. ನಾಲ್ಕು ನಿಂಬೆಹಣ್ಣೂ ಅಪ್ಪಚ್ಚಿ.

ಇನ್ನು ನೋಡಿ ಮಕ್ಕಳಾ. ಕಾರು ಎದ್ದಿತು, ತಿದಿ ಬುಸ್ ಬುಸ್ ಅಂತು. ತಿದಿ ಎದ್ದಿತು, ಹೊಲಿಗೆ ಮಿಷನ್ನು ಟಕ ಟಕ ಅಂತು. ಮಿಷನ್ನು ಎದ್ದಿತು, ಗಿರಣಿ ಗಡ ಗಡ ಅಂತು, ಬೋರಣ್ಣನ ಮೀಸೆ ಬೆಳ್ಳಗಾಯ್ತು. ಗಿರಣಿ ಎದ್ದಿತು, ಹಂಚು ಚುಂಯ್ ಅಂತು. ಹಂಚು ಎದ್ದಿತು, ಹೋಳಿಗೆ ಬೆಂತು. ಹೋಳಿಗೆ ಬೆಂತು, ಕೋತಿ ತಿಂತು. ತುಪ್ಪ ಕಮ್ಮಿ ಅಂತು, ತಿಪ್ಪಕ್ಕ ಇನ್ನೊಂದು ಚಮಚ ಹಾಕಿದ್ಲು. ಕೋತಿ ತಿಂತು, ಮುಚ್ಚಳ ಬಿಸಾಕ್ತು. ಅಜ್ಜಿ ಸೆರಗು ಒಡ್ಡಿ ಹಿಡಿದ್ಲು. ಅಪ್ಪ ಅರಿಶಿನ ಕುಂಕುಮ ತೊಳೆದ, ತೊಟ್ಟಿಗೆ ನೀರು ತುಂಬಿದ, ಮುಚ್ಚಳ ಹಾಕಿ ಬಿಗಿಯಾಗಿ ತಿರುಗಿಸಿದ. ಬುರ್ ಬುರ್ ಅಂತು, ಕಾರು ಓಡ್ತು.

ಚಂಪಿ ಹಿಂದಿನ ಸೀಟಲ್ಲಿ ಕೂತಿದ್ಲು. ನಡೆದಿದ್ದೆಲ್ಲಾ ಅಮ್ಮನಿಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ಲು. ಅಪ್ಪ ಎರಡು ಸಲ ಒಪ್ಪಿಸ್ಕೊಂಡ. ಒಂದು ತಪ್ಪೂ ಇರಲಿಲ್ಲ.

ಆಸ್ಪತ್ರೆ ಮೆಟ್ಟಿಲ ಮೇಲೆ ಅಮ್ಮ ಕೂತಿದ್ಲು. ಮಡಿಲಲ್ಲಿ ಪಾಪು ಮಲಗಿತ್ತು.

"ಯಾಕೆ ಚಂಪಿ ಇಷ್ಟು ಹೊತ್ತು?" ಅಂದ್ಲು ಅಮ್ಮ.

ಚಂಪಿ ಬಾಯಿ ತೆಗೆದ್ಲು. ಮುಚ್ಚಳ ಬರಲಿಲ್ಲ. ಕೋತಿ ಬರಲಿಲ್ಲ. ಹೋಳಿಗೆ ಬರಲಿಲ್ಲ. ಹಂಚು ಬರಲಿಲ್ಲ. ಗಿರಣಿ ಬರಲಿಲ್ಲ. ಮಿಷನ್ನು ಬರಲಿಲ್ಲ. ತಿದಿ ಬರಲಿಲ್ಲ. "ಅಮ್ಮ" ಅಂತ ಒಂದೇ ಮಾತು ಬಂತು.

ಅಮ್ಮ ಒಂದು ಕೈಲಿ ಪಾಪೂನ ಹಿಡಿದ್ಲು. ಇನ್ನೊಂದು ಕೈಲಿ ಚಂಪೀನ ಎತ್ಕೊಂಡ್ಲು. ಬಾಣಂತಿ ಭಾರ ಎತ್ತಬಾರದು ಅಂತ ಅಜ್ಜಿ ಕಂಡಿದ್ರೆ ಬೈತಿದ್ಲು. ಅಜ್ಜಿ ಮನೇಲಿದ್ಲಲ್ಲ, ಅಮ್ಮ ಇಬ್ಬರನ್ನೂ ಎತ್ಕೊಂಡೇ ಕಾರು ಹತ್ತಿದ್ಲು.

ಅವರ ಕಾರು ಮನೆ ಸೇರ್ತು, ನನ್ನ ಕತೆ ನಿಮ್ಮ ಕಿವಿ ಸೇರ್ತು.