ದಾದಿ ಬರೆದ ಚೀಟಿ

“ಗುರುಗಳೇ, ಔಷಧಿ ಬರೆಯುವ ಅಧಿಕಾರವನ್ನು ದಾದಿಯರಿಗೂ ಕೊಟ್ಟರೆ, ನಾಳೆ ತಪ್ಪಾದಾಗ ಹೊಣೆ ಯಾರದು?” ಎಂದು ಶಿಷ್ಯ ಕೇಳಿದ.

ಅವನು ಮಠದ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದ. ಅಲ್ಲಿನ ನಾಲ್ವರು ದಾದಿಯರನ್ನು ಔಷಧಿ ಬರೆಯುವ ತರಬೇತಿಗೆ ಕಳಿಸಬೇಕೆಂಬ ಪತ್ರ ಅವನ ಒಪ್ಪಿಗೆಗೆ ಬಂದು ತಿಂಗಳಾಗಿತ್ತು. ಅವನು ಸಹಿ ಹಾಕಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಬೆಟ್ಟದ ಆಚೆ ಒಂದು ಚಿಕ್ಕ ಆಸ್ಪತ್ರೆ ಇತ್ತು. ವೈದ್ಯ ಅಲ್ಲಿಗೆ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಬರುತ್ತಿದ್ದ. ಉಳಿದ ದಿನ ಒಬ್ಬ ದಾದಿಯೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಗಾಯ ತೊಳೆದು ಕಟ್ಟುವುದು, ಜ್ವರ ನೋಡುವುದು, ವೈದ್ಯ ಬರೆದ ಮಾತ್ರೆ ಕೊಡುವುದು ಅವಳ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿದ್ದಳು.

ಒಂದು ಶನಿವಾರ ಬುಟ್ಟಿ ಹೆಣೆಯುವ ಹೆಂಗಸೊಬ್ಬಳು ಬಂದಳು. ಬಿದಿರಿನ ಸಿಬಿರು ಚುಚ್ಚಿ ಕಾಲಿನ ಹೆಬ್ಬೆರಳು ಕೀವು ತುಂಬಿ ಊದಿತ್ತು. ಅವಳಿಗೆ ಸಕ್ಕರೆ ಕಾಯಿಲೆಯೂ ಇತ್ತು. ಯಾವ ಮಾತ್ರೆ ಬೇಕೆಂದು ದಾದಿಗೆ ಗೊತ್ತಿತ್ತು. ಆದರೆ ಕೊಡುವ ಅಧಿಕಾರವಿರಲಿಲ್ಲ. ವೈದ್ಯನಿಗೆ ಫೋನು ಮಾಡಿದಳು, ಸಿಗಲಿಲ್ಲ. ಗಾಯ ತೊಳೆದು ಕಟ್ಟಿ, ಇವತ್ತೇ ಪಟ್ಟಣದ ಆಸ್ಪತ್ರೆಗೆ ಹೋಗೆಂದು ಹೇಳಿದಳು. ಕರೆದುಕೊಂಡು ಹೋಗುವವರು ಯಾರೂ ಇಲ್ಲ, ಮಂಗಳವಾರವೇ ಬರುತ್ತೇನೆ ಎಂದು ಆ ಹೆಂಗಸು ಕುಂಟುತ್ತಾ ಹೊರಟುಹೋದಳು.

ಮಂಗಳವಾರ ವೈದ್ಯ ಕಟ್ಟು ಬಿಚ್ಚಿ ನೋಡಿದವನೇ ಅವಳನ್ನು ಪಟ್ಟಣಕ್ಕೆ ಸಾಗಿಸಿದ. ಅಲ್ಲಿ ಅವಳ ಪಾದದ ಮುಂಭಾಗವನ್ನೇ ತೆಗೆಯಬೇಕಾಯಿತು.

ಸುದ್ದಿ ಬಂದ ದಿನ ದಾದಿ ಯಾರನ್ನೂ ದೂರಲಿಲ್ಲ. ಕೈ ಒರೆಸಿಕೊಂಡು ಬಂದು ವೈದ್ಯನ ಮುಂದೆ ನಿಂತಳು. “ಡಾಕ್ಟರೇ, ಆ ಮಾತ್ರೆ ಈ ಬೀರುವಿನಲ್ಲೇ ಇತ್ತು. ಬೀಗದ ಕೈ ನನ್ನ ಸೊಂಟದಲ್ಲಿತ್ತು,” ಎಂದಳು.

ವೈದ್ಯ ಅಂದೇ ಕಾಗದ ತೆಗೆದುಕೊಂಡು ಕೂತ. ಮೇಲಿನವರಿಗೆ ಬರೆದು, ಮತ್ತೆ ಮತ್ತೆ ಅಲೆದು, ಅವಳನ್ನು ತರಬೇತಿಗೆ ಕಳಿಸಲು ಒಪ್ಪಿಗೆ ತಂದ. ದಾದಿ ವಾರದಲ್ಲಿ ಮೂರು ದಿನ ಪಟ್ಟಣದಲ್ಲಿ ಪಾಠ ಕೇಳಿದಳು. ವೈದ್ಯ ಬಂದ ದಿನ ಅವನ ಪಕ್ಕ ಕೂತು ಕಲಿತಳು. ಮೊದಮೊದಲು ರೋಗಿ ಮಾತು ಮುಗಿಸುವ ಮುಂಚೆಯೇ ಮಾತ್ರೆಯ ಹೆಸರು ಹೇಳಿಬಿಡುತ್ತಿದ್ದಳು. ಆಗ ವೈದ್ಯ ಚೀಟಿಯ ಮೇಲೆ ಅಂಗೈ ಇಟ್ಟುಬಿಡುತ್ತಿದ್ದ. ಇವರಿಗೆ ಬೇರೆ ಯಾವ ಕಾಯಿಲೆ ಇದೆ, ಬೇರೆ ಏನು ನುಂಗುತ್ತಾರೆ, ಹಿಂದೆ ಯಾವುದು ಮೈಗೆ ಒಗ್ಗಿರಲಿಲ್ಲ, ಇಷ್ಟನ್ನೂ ಕೇಳಿದ ಮೇಲೆಯೇ ಪೆನ್ನು ಮುಟ್ಟಬೇಕು ಎನ್ನುತ್ತಿದ್ದ. ಮೊದಲ ಪರೀಕ್ಷೆಯಲ್ಲಿ ಅವಳು ಫೇಲಾದಳು. ನಲವತ್ತು ದಾಟಿದವಳು ಬಸ್‌ ನಿಲ್ದಾಣದಲ್ಲಿ ಕೂತು ಅತ್ತಳು. ಎರಡನೆಯ ಸಲ ಪಾಸಾದಳು. ಮೂವತ್ತು ಔಷಧಿಗಳನ್ನು ಮಾತ್ರ ಬರೆಯಬಹುದೆಂದು ಅವಳಿಗೆ ಪಟ್ಟಿ ಕೊಟ್ಟರು.

ಐದು ತಿಂಗಳು ಎಲ್ಲವೂ ಸರಿಯಾಗಿ ನಡೆಯಿತು. ಒಂದು ಸೋಮವಾರ ಜನ ಹೆಚ್ಚಿದ್ದರು. ಕಂಬಳಿ ನೇಯುವ ಮುದುಕನೊಬ್ಬ ಮಂಡಿನೋವೆಂದು ಬಂದ. ದಾದಿ ಅವಸರದಲ್ಲಿ ನೋವಿನ ಮಾತ್ರೆ ಬರೆದು ಕಳಿಸಿದಳು. ಮಧ್ಯಾಹ್ನ ಅವನ ಕಾರ್ಡನ್ನು ಎತ್ತಿಡುವಾಗ ಅದರ ಹಿಂಬದಿ ಕಣ್ಣಿಗೆ ಬಿತ್ತು. ಎರಡು ವರ್ಷದ ಹಿಂದೆ ಹೊಟ್ಟೆಹುಣ್ಣಿನಿಂದ ಅವನು ರಕ್ತ ಕಾರಿದ್ದನೆಂದು ವೈದ್ಯನೇ ಅಲ್ಲಿ ಬರೆದಿದ್ದ. ಅಂಥವನಿಗೆ ಆ ಮಾತ್ರೆ ಕೊಡುವಂತಿರಲಿಲ್ಲ.

ಕಾದು ಕೂತಿದ್ದ ಮೂವರ ಕ್ಷಮೆ ಕೇಳಿ ಅವಳು ಬಾಗಿಲು ಎಳೆದುಕೊಂಡಳು. ಬಿಸಿಲಿನಲ್ಲಿ ಎರಡು ಹರದಾರಿ ನಡೆದು ಅವನ ಮನೆ ತಲುಪಿದಳು. ಮುದುಕ ಒಂದು ಮಾತ್ರೆ ನುಂಗಿ ಮಗ್ಗದ ಮುಂದೆ ಕೂತಿದ್ದ.

“ಅಜ್ಜ, ನಾನು ತಪ್ಪು ಬರೆದೆ. ಈ ಮಾತ್ರೆ ನಿಮಗೆ ಆಗುವುದಿಲ್ಲ,” ಎಂದಳು.

ಮುದುಕನ ಮಗ ಸಿಟ್ಟಾದ. ನಿಮಗೆ ಕಲಿಯುವುದಕ್ಕೆ ನಮ್ಮಪ್ಪನೇ ಬೇಕಾಗಿದ್ದನೇ ಎಂದು ಕೇಳಿದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಉಳಿದ ಮಾತ್ರೆಗಳನ್ನು ವಾಪಸು ಪಡೆದಳು. ವಾಂತಿಯಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ ತಕ್ಷಣ ಪಟ್ಟಣಕ್ಕೆ ಹೋಗಬೇಕೆಂದು ಮನೆಯವರಿಗೆಲ್ಲ ತಿಳಿಸಿ ಹೇಳಿದಳು. ಸಂಜೆಯವರೆಗೂ ಅಲ್ಲೇ ಕೂತಳು. ಡಾಕ್ಟರಿಗೆ ತಿಳಿದರೆ ನಿನಗೆ ಬೈಯುವುದಿಲ್ಲವೇ ಎಂದು ಮುದುಕ ಮೆಲ್ಲಗೆ ಕೇಳಿದ. ನಾಳೆ ಬೆಳಗ್ಗೆ ನಾನೇ ಹೇಳುತ್ತೇನೆ ಎಂದಳು. ಮುದುಕನಿಗೆ ಏನೂ ಆಗಲಿಲ್ಲ.

ಮರುದಿನ ವೈದ್ಯ ಬಂದಾಗ ಅವಳು ನಡೆದದ್ದನ್ನೆಲ್ಲ ಹೇಳಿ, ಚೀಟಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಇದು ತನ್ನಿಂದ ಆಗುವ ಕೆಲಸವಲ್ಲ ಎಂದಳು.

ವೈದ್ಯ ಆ ಪುಸ್ತಕವನ್ನು ಕೈಗೆತ್ತಿಕೊಂಡ. ಆಮೇಲೆ ಹೇಳಿದ. “ಹನ್ನೆರಡು ವರ್ಷದ ಹಿಂದೆ ಒಬ್ಬ ಗರ್ಭಿಣಿಗೆ ಬರೆಯಬಾರದ ಮಾತ್ರೆಯನ್ನು ನಾನು ಬರೆದೆ. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಇಳಿಯಲಿಲ್ಲ. ಅವಳು ಮತ್ತೆ ಬರಲಿಲ್ಲ, ನಾನೂ ವಿಚಾರಿಸಲಿಲ್ಲ. ನೀನು ನಡೆದು ಹೋದೆಯಲ್ಲಮ್ಮ.”

ಪುಸ್ತಕವನ್ನು ಅವಳ ಕೈಗೇ ಕೊಟ್ಟ. ಅವಳು ಬೇಡವೆನ್ನಲಿಲ್ಲ. ಮುಂದೆ ಬಹಳ ವರ್ಷ ಅವಳು ಬರೆದಳು. ಕಾರ್ಡಿನ ಎರಡೂ ಬದಿ ಓದದೆ ಒಮ್ಮೆಯೂ ಬರೆಯಲಿಲ್ಲ.

ಪುಸ್ತಕ ಹಿಂದಕ್ಕೆ ಕೊಟ್ಟ ಆ ಮಂಗಳವಾರ ಕೆಲಸ ಮುಗಿದ ಮೇಲೆ ವೈದ್ಯ ಬಸ್ಸು ಹತ್ತಲಿಲ್ಲ. ಆ ಗರ್ಭಿಣಿಯ ಊರಿನ ದಾರಿ ಕೇಳಿಕೊಂಡು ಹೋದ. ಅವಳು ಸಿಕ್ಕಳು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಅದು ಮಾತ್ರೆಯಿಂದಲೋ ಮತ್ತೊಂದರಿಂದಲೋ, ಈಗ ಯಾರೂ ಹೇಳುವಂತಿರಲಿಲ್ಲ. ವೈದ್ಯ ಹೇಳಬೇಕಾದದ್ದನ್ನು ಹೇಳಿದ. ಅವಳು ಗೋಡೆಗೆ ಒರಗಿ ಕೂತು ಕೇಳಿದಳು. ಬಸುರಿಯಾಗಿದ್ದಾಗ ನೀರಿನ ಕೊಡ ಹೊತ್ತದ್ದರಿಂದಲೇ ಮಗು ಉಳಿಯಲಿಲ್ಲವೆಂದು ಅವಳ ಅತ್ತೆ ಹೇಳಿದ್ದಳು. ಹನ್ನೆರಡು ವರ್ಷ ಅವಳು ಅದನ್ನೇ ನಂಬಿ ತನ್ನನ್ನೇ ಬೈದುಕೊಂಡಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮತ್ತೆ ಹೊಣೆಯ ಮಾತನ್ನೇ ಎತ್ತಿದ.

“ಇಷ್ಟು ವರ್ಷ ನೀನು ತಪ್ಪಾಗಿ ಬರೆದ ಚೀಟಿಗಳ ಹೊಣೆಯನ್ನು ಈಗ ಯಾರ ಮನೆಯಲ್ಲಿ ಯಾರು ಹೊತ್ತಿದ್ದಾರೋ, ಮಗು, ಮೊದಲು ಅದನ್ನು ತಿಳಿದುಕೊಂಡು ಬಾ,” ಎಂದರು ಗುರುಗಳು.