ಗೌಳಿಯ ಕಾರಿಗೆ ಹೆಪ್ಪು

"ಅಜ್ಜಾರೆ, ಹಳೆಯ ಗುರುಗಳು ಹೇಳಿಕೊಟ್ಟದ್ದನ್ನು ಸ್ವಲ್ಪ ಉಳಿಸಿಕೊಂಡು, ಅದರ ಮೇಲೆ ನಿಮ್ಮದನ್ನು ಕಲಿತರೆ ತಪ್ಪೇ?" ಎಂದು ಅಡಿವೆಪ್ಪ ಕೇಳಿದ.

ಅವನು ಹನ್ನೆರಡು ವರ್ಷ ಬೇರೊಬ್ಬ ಗುರುಗಳ ಬಳಿ ಇದ್ದವನು. ಅವರು ತೀರಿಕೊಂಡ ಮೇಲೆ ಈ ಮಠಕ್ಕೆ ಬಂದಿದ್ದ. ಆ ಗುರುಗಳು ಗಟ್ಟಿಯಾಗಿ ದೇವರ ನಾಮ ಹೇಳಿಸುತ್ತಿದ್ದರು. ಇಲ್ಲಿ ಮಠದ ಗುರುಗಳಾದ ಅಜ್ಜ ಸುಮ್ಮನೆ ಕೂರಿಸುತ್ತಿದ್ದರು. ಅಡಿವೆಪ್ಪ ಮೊದಲು ಒಂದಿಷ್ಟು ನಾಮ ಹೇಳಿಕೊಂಡು ಆಮೇಲೆ ಸುಮ್ಮನಾಗುತ್ತಿದ್ದ. ಎರಡು ವರ್ಷವಾದರೂ ಮನಸ್ಸು ನಿಂತಿರಲಿಲ್ಲ. ನಾಮ ಬಿಟ್ಟರೆ ಗುರುದ್ರೋಹವಾದೀತೆಂಬ ಹೆದರಿಕೆ ಅವನಿಗೆ. ಹೀಗೇ ಆದರೆ ಗಂಟು ಕಟ್ಟಿ ಊರಿಗೆ ಹೋಗುವುದೇ ಸರಿ ಎಂದೂ ಅನ್ನಿಸಿತ್ತು.

ಅಜ್ಜ ನಕ್ಕರು. "ಕೂತುಕೋ, ಒಬ್ಬ ಗೌಳಿಯ ಕತೆ ಹೇಳುತ್ತೇನೆ" ಎಂದು ಶುರು ಮಾಡಿದರು.

ಒಬ್ಬ ಗೌಳಿ ಇದ್ದ. ಎಮ್ಮೆ ಕಟ್ಟಿ ಮೊಸರು ಮಾರುತ್ತಿದ್ದ. ಅವನ ಹತ್ತಿರ ಒಂದು ಹಳೆಯ ಕಾರಿತ್ತು, ಯಾವ ಕಾಲದಲ್ಲೋ ಯಾರೋ ಸಾಹುಕಾರರು ಮೆರೆದದ್ದು. ಗೌಳಿ ಹಿಂದಿನ ಸೀಟು ಕಿತ್ತು ಅಲ್ಲಿ ಗಡಿಗೆಗಳನ್ನು ಕೂರಿಸಿದ. ಎ.ಸಿ. ಹಾಕಿಕೊಂಡು ಹೊರಟರೆ ಬಿರುಬಿಸಿಲಲ್ಲೂ ಮೊಸರು ಸಿಹಿಯಾಗಿಯೇ ಪಟ್ಟಣದ ಖಾನಾವಳಿ ಸೇರುತ್ತಿತ್ತು. 'ಮೊಸರಿಗೆ ಬಂತಪ್ಪ ರಾಜಯೋಗ' ಎಂದು ಜನ ನಗುತ್ತಿದ್ದರು. ನಗಲಿ ಬಿಡು, ಮೊಸರು ಹುಳಿಯಾಗುತ್ತಿರಲಿಲ್ಲವಲ್ಲ.

ಒಂದು ಬೇಸಿಗೆ ಕಾರಿನ ತಂಪು ಕಡಿಮೆಯಾಯಿತು. ಎ.ಸಿ.ಯ ಗ್ಯಾಸು ಸೋರಿತ್ತು. ಖಾನಾವಳಿಯವಳು ಮೊಸರು ನಾಲಿಗೆಗೆ ಹಚ್ಚಿ ಮುಖ ಕಿವುಚಿದಳು. "ಅಣ್ಣಾ, ಇನ್ನೊಂದು ಸಲ ಹುಳಿ ಮೊಸರು ತಂದರೆ ನಾನು ಬೇರೆಯವರನ್ನು ನೋಡಿಕೊಳ್ಳುತ್ತೇನೆ" ಎಂದಳು. ಗೌಳಿಯ ಮನೆ ನಡೆಯುತ್ತಿದ್ದದ್ದೇ ಆ ಖಾನಾವಳಿಯಿಂದ. ಅವನು ಬಿದ್ದಂಬೀಳ ಮೆಕ್ಯಾನಿಕ್ಕನ ಹತ್ತಿರ ಓಡಿದ.

ಮೆಕ್ಯಾನಿಕ್ ನೋಡಿ ಹೇಳಿದ: "ಯಜಮಾನರೆ, ಇದರ ಹಳೆಯ ಗ್ಯಾಸು ಈಗ ಸಿಗುವುದಿಲ್ಲ, ಬೇರೆಯದು ಹಾಕಬೇಕು. ಒಂದಿದೆ, ಅಡುಗೆ ಗ್ಯಾಸಿನ ಅಣ್ಣತಮ್ಮ. ತಣ್ಣಗೇನೋ ಮಾಡುತ್ತದೆ, ಸೋರಿ ಕಿಡಿ ತಾಗಿದರೆ ಗಡಿಗೆಯೂ ಇಲ್ಲ, ನೀವೂ ಇಲ್ಲ. ಇನ್ನೊಂದು ಅಂಥದ್ದಲ್ಲ, ಅದನ್ನೇ ಹಾಕುತ್ತೇನೆ. ಆದರೆ ಉಳಿದಿರುವ ಹಳೆಯ ಗ್ಯಾಸು, ಹಳೆಯ ಎಣ್ಣೆ ಎಲ್ಲ ಪೂರ್ತಿ ತೆಗೆಯಬೇಕು."

ಗೌಳಿ ಕೈ ಅಡ್ಡ ಹಿಡಿದ. ಹೆಪ್ಪಿಲ್ಲದೆ ಏನಾದರೂ ಕೂಡಿಬಂದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡವನಲ್ಲ. ಅವನ ಮನೆಯ ಹೆಪ್ಪು ಅವನ ಅಜ್ಜಿಯ ಕಾಲದ್ದು. ಗಡಿಗೆ ತೊಳೆಯುವ ಮುಂಚೆ ಒಂದು ಚಮಚ ತೆಗೆದಿಡದ ದಿನವಿಲ್ಲ. "ಪೂರ್ತಿ ತೆಗೆದರೆ ಹೇಗಪ್ಪಾ? ಸ್ವಲ್ಪ ಹಳೆಯದು ಇರಲಿ, ಅದರ ಮೇಲೆ ಹೊಸದು ಹಾಕು, ಹೊಂದಿಕೊಳ್ಳುತ್ತದೆ" ಎಂದ.

ಮೆಕ್ಯಾನಿಕ್ ಒಪ್ಪಲಿಲ್ಲ. ಗೌಳಿ ಸಿಟ್ಟಿನಿಂದ ಇನ್ನೊಬ್ಬನ ಹತ್ತಿರ ಹೋದ. ಹೇಳಿದ್ದಕ್ಕೆಲ್ಲ ಹೂಂ ಅನ್ನುವವನು ಊರಿಗೊಬ್ಬ ಇದ್ದೇ ಇರುತ್ತಾನೆ. ಅವನು ಹಳೆಯದರ ಮೇಲೆ ಹೊಸದು ತುಂಬಿ ಕಳಿಸಿದ.

ಎರಡು ದಿನ ತಂಪೋ ತಂಪು. ಗೌಳಿ ಮೀಸೆ ತಿರುವಿದ. ಮೂರನೆಯ ದಿನ ನಡುದಾರಿಯಲ್ಲಿ ಬಾನೆಟ್ಟಿನೊಳಗೆ ಏನೋ ಕಿರ್ರೆಂದು ಒದರಿತು, ತಂಪು ನಿಂತಿತು. ಅವನು ಹೆದರಿ ಎ.ಸಿ. ಆರಿಸಿದ. ಪಟ್ಟಣ ಮುಟ್ಟುವಷ್ಟರಲ್ಲಿ ಮೊಸರು ಹುಳಿ. ಖಾನಾವಳಿಯ ಕಡೆ ಅವನು ತಿರುಗಲೇ ಇಲ್ಲ. ನೆಟ್ಟಗೆ ಮೊದಲನೆಯ ಮೆಕ್ಯಾನಿಕ್ಕನ ಮುಂದೆ ನಿಂತು, "ನನ್ನ ಬುದ್ಧಿಗಿಷ್ಟು ಮಣ್ಣು ಹಾಕ" ಎಂದ.

ಮೆಕ್ಯಾನಿಕ್ ಬೈಯಲಿಲ್ಲ. "ಹಳೆಯ ಎಣ್ಣೆ ಹೊಸ ಗ್ಯಾಸಿನ ಜೊತೆ ಹರಿಯುವುದಿಲ್ಲ. ಅದು ಒಂದು ಕಡೆ ಕೂತಿತು, ಯಂತ್ರ ಒಣಗಿ ಕೂಗಿತು. ಹಾಲಿಗೆ ಹೆಪ್ಪು ಹಾಕುತ್ತೀರಿ ಸರಿ, ಎಳನೀರಿಗೆ ಹಾಕುತ್ತೀರಾ?" ಎಂದ. ಅಷ್ಟು ಸಂಕಟದಲ್ಲೂ ಗೌಳಿಗೆ ನಗು ಬಂತು.

ಮೆಕ್ಯಾನಿಕ್ ಹಳೆಯದನ್ನೆಲ್ಲ ತೆಗೆದ, ಕೊಳವೆಗಳನ್ನು ತೊಳೆದ, ಸವೆದ ರಬ್ಬರು ಬದಲಿಸಿ ಹೊಸ ಎಣ್ಣೆ ಹಾಕಿದ. ಒಳಗಿದ್ದ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಒಂದು ತಾಸು ಎಳೆದ. ಬರಿದಾದದ್ದನ್ನು ಮತ್ತೆ ಬರಿದು ಮಾಡುವುದನ್ನು ನೋಡುತ್ತ ಗೌಳಿ ಚಡಪಡಿಸಿದ. ಆಮೇಲೆ ಹೊಸ ಗ್ಯಾಸು ತುಂಬಿದ್ದಾಯಿತು.

ಮರುದಿನ ಗೌಳಿ ಹೊರಟಾಗ ತಂಪು ಮೊದಲಿಗಿಂತ ಒಂದು ಕೈ ಕಡಿಮೆ ಅನ್ನಿಸಿತು. ಪಟ್ಟಣದಲ್ಲಿ ಇಳಿದು ಗಡಿಗೆ ಮುಟ್ಟಿದ, ತಣ್ಣಗಿತ್ತು. "ನಿನ್ನೆ ಯಾಕೆ ಬರಲಿಲ್ಲ?" ಎಂದು ಖಾನಾವಳಿಯವಳು ಗದರಿದಳು. "ತರುವಂಥ ಮೊಸರಿರಲಿಲ್ಲ ತಂಗೀ" ಎಂದ. ಅವಳು ರುಚಿ ನೋಡಿದಳು, ಗಡಿಗೆಗಳನ್ನು ಒಳಗಿರಿಸಿಕೊಂಡಳು. ಗೌಳಿಗೆ ಹೊಟ್ಟೆ ತುಂಬ ಸಂತೋಷವಾಯಿತು. ಅಲ್ಲಿಯೇ ಕೂತು, ತನ್ನದೇ ಮೊಸರು ಹಾಕಿಸಿಕೊಂಡು, ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಅಜ್ಜ ಕತೆ ನಿಲ್ಲಿಸಿದರು. ಅಡಿವೆಪ್ಪನ ಕಣ್ಣು ತುಂಬಿತ್ತು.

"ತಿಳಿಯಿತು ಅಜ್ಜಾರೆ. ಹಾಗಾದರೆ ಹಳೆಯ ಗುರುಗಳನ್ನು ನಾನು ಮರೆಯಬೇಕು" ಎಂದ.

"ಹುಚ್ಚಾ, ಕಾರು ಕೊಟ್ಟವರೇ ಅವರು, ಅವರಿಲ್ಲದಿದ್ದರೆ ನಾನು ಗ್ಯಾಸು ತುಂಬುವುದು ಯಾವುದಕ್ಕೆ?" ಎಂದರು ಅಜ್ಜ.

ಅಡಿವೆಪ್ಪ ಹಳೆಯ ಗುರುಗಳಿಗೆ ಮನಸ್ಸಿನಲ್ಲೇ ಕೈಮುಗಿದು, ಅವತ್ತು ನಾಮ ಹೇಳಿಕೊಳ್ಳದೆಯೇ ಕೂತ.